ಅರವತ್ತೆರಡು ಬ್ಯಾಂಡೇಜು, ಒಂದು ಪ್ಲಾಸ್ಟರ್

ಹಾಜ್ಜಾ ಇನ್ಸಾಫ್ ಅವರ ಎಳ್ಳಿನ ಹಲ್ವಾ ಕಾರ್ಖಾನೆಯ ಚರಿತ್ರೆಯಲ್ಲಿ ಮೂವತ್ತೊಂದು ವರ್ಷಕ್ಕೆ ಸೇರಿ ಒಂದೇ ಒಂದು ಸಾವು ಸಂಭವಿಸಿತ್ತು. ಅದು ಹಾಜ್ಜಾ ಅವರ ಗಂಡನದು. ಆತನೂ ಪ್ರಾಣ ಬಿಟ್ಟದ್ದು ಕಾರ್ಖಾನೆಯಲ್ಲಲ್ಲ. ಮನೆಯ ಸೋಫಾದ ಮೇಲೆ ಕೂತು ಫುಟ್‌ಬಾಲ್ ನೋಡುತ್ತಾ, ತನ್ನ ತಂಡ ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟಾಗ. ಅಂದಿನಿಂದ ಹಾಜ್ಜಾ ಅವರಿಗೆ ಒಂದು ವಿಷಯ ಖಚಿತವಾಗಿತ್ತು. ಅಪಾಯವೆಲ್ಲ ಇರುವುದು ಮನೆಯಲ್ಲಿ, ಕಾರ್ಖಾನೆಯಲ್ಲಿ ಭಯವಿಲ್ಲ.

ಹಾಗಂತ ತಂತಾ ಪಟ್ಟಣದ ಅಂಚಿನಲ್ಲಿದ್ದ ಆ ಕಾರ್ಖಾನೆ ಎಚ್ಚರಿಕೆ ಇಲ್ಲದ ಜಾಗವೇನೂ ಆಗಿರಲಿಲ್ಲ. ಎಳ್ಳು ಹುರಿಯುವ ಯಂತ್ರ ತಂದ ದಿನ ಕರು ಕಡಿದು, ಅದರ ರಕ್ತದಲ್ಲಿ ಅದ್ದಿದ ಅಂಗೈಯನ್ನು ಯಂತ್ರದ ಮೈಗೆ ಒತ್ತಿದ್ದರು. ಐದು ಬೆರಳಿನ ಆ ಗುರುತು ಒಣಗಿ ಕಂದಾಗಿ ಇನ್ನೂ ಅಲ್ಲೇ ಇತ್ತು. ಬಾಗಿಲ ಮೇಲೆ ನೀಲಿ ಮಣಿ ತೂಗುತ್ತಿತ್ತು. ಇನ್ನು ಕೈ ತೊಳೆಯುವ ತೊಟ್ಟಿಯ ಹತ್ತಿರ ಎರಡು ನಲ್ಲಿಗಳಿದ್ದವು. ಎಡಗಡೆಯದಕ್ಕೆ ಕಚ್ಚುವ ನಲ್ಲಿ ಎಂದು ಹೆಸರು. ಮೇಲಿಂದ ಹಾದುಹೋಗುವ ವೈರಿನ ಸಿಪ್ಪೆ ಯಾವ ಕಾಲದಲ್ಲೋ ಸುಲಿದು ಹೋಗಿ, ತಾಮ್ರ ನೇರವಾಗಿ ಕೊಳವೆಗೆ ಒರಗಿಕೊಂಡಿತ್ತು. ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಹೆಸರಿಡುವುದು ಸುಲಭವಾಗಿತ್ತು. ಹೊಸದಾಗಿ ಸೇರಿದವನಿಗೆ ಮೊದಲ ದಿನವೇ ಮೇಸ್ತ್ರಿ ಶಹ್ಹಾತ್ ಪಾಠ ಹೇಳುತ್ತಿದ್ದ: “ನಮಾಜಿಗೆ ಮುಂಚೆ ಕೈಕಾಲು ತೊಳೆಯೋದಕ್ಕೆ ಬಲಗಡೆದು. ಎಡಗಡೆದು ಅತ್ತೆ ಇದ್ದ ಹಾಗೆ. ದೂರದಿಂದಲೇ ಸಲಾಂ ಹಾಕು.” ಮೂವತ್ತೊಂದು ವರ್ಷವೂ ಎಲ್ಲರೂ ದೂರದಿಂದಲೇ ಸಲಾಂ ಹಾಕಿದ್ದರು. ಯಾರಿಗೂ ಏನೂ ಆಗಿರಲಿಲ್ಲ.

ಹೀಗಿರುವಾಗ ಕಾರ್ಮಿಕ ಇಲಾಖೆಯಿಂದ ಕಾಗದ ಬಂತು. ನಿಮ್ಮಲ್ಲಿ ಅರವತ್ತಮೂರು ಜನ ಕೆಲಸಗಾರರಿದ್ದಾರೆ, ಆದರೂ ಸುರಕ್ಷತಾ ಮ್ಯಾನೇಜರ್ ಇಲ್ಲ. ಹದಿನೈದು ದಿನದಲ್ಲಿ ನೇಮಿಸತಕ್ಕದ್ದು. ಹದಿನಾರನೆಯ ದಿನ ಭಾನುವಾರ ನಮ್ಮ ಇನ್‌ಸ್ಪೆಕ್ಟರು ಬಂದು ನೋಡತಕ್ಕದ್ದು. ಇಲ್ಲದಿದ್ದಲ್ಲಿ ಬಾಗಿಲಿಗೆ ಕೆಂಪು ಅರಗಿನ ಮೊಹರು ಬೀಳತಕ್ಕದ್ದು. ಹಾಜ್ಜಾ ಆ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹಾಜರಿ ಗುಮಾಸ್ತ ಫರ್ಗಲಿಯನ್ನು ಕರೆಸಿದರು.

ಫರ್ಗಲಿ ಇಪ್ಪತ್ತಾರು ವರ್ಷದಿಂದ ಬಾಗಿಲ ಪಕ್ಕದ ಗೂಡಿನಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುತ್ತಿದ್ದ ಮನುಷ್ಯ. ಬರುವವರನ್ನೂ ಹೋಗುವವರನ್ನೂ ಬರೆದು ಬರೆದು, ತಾನು ಮಾತ್ರ ಇದ್ದಲ್ಲೇ ಇದ್ದ.

“ಈ ಮ್ಯಾನೇಜರ್ ಅನ್ನೋನು ಬಂದು ಏನ್ ಮಾಡ್ತಾನಪ್ಪಾ?” ಎಂದು ಹಾಜ್ಜಾ ಕೇಳಿದರು.

“ಏನೂ ಆಗದ ಹಾಗೆ ನೋಡ್ಕೋತಾನೆ, ಹಾಜ್ಜಾ.”

“ಮೂವತ್ತೊಂದು ವರ್ಷದಿಂದ ಏನೂ ಆಗಿಲ್ಲ. ಅದೂ ಪುಕ್ಕಟೆ.”

ಆದರೆ ಮೌಲಿದ್ ಹಬ್ಬಕ್ಕೆ ತಿಂಗಳಷ್ಟೇ ಉಳಿದಿತ್ತು. ವರ್ಷದ ಹಲ್ವಾದಲ್ಲಿ ಅರ್ಧ ಆ ಒಂದು ತಿಂಗಳಲ್ಲಿ ಖರ್ಚಾಗುತ್ತದೆ. ಈಗ ಬಾಗಿಲಿಗೆ ಅರಗು ಬಿದ್ದರೆ ಅರವತ್ತಮೂರು ಮನೆಯ ಒಲೆ ಆರುತ್ತದೆ. ಅದಕ್ಕೇ ಹಾಜ್ಜಾ ಸಂಕ್ಷಿಪ್ತವಾಗಿ ಅಪ್ಪಣೆ ಕೊಟ್ಟರು. ಎಲ್ಲಿಂದಾದರೂ ಒಬ್ಬನನ್ನು ಹುಡುಕಿ ತರಬೇಕು. ತರದಿದ್ದರೆ ಫರ್ಗಲಿ ತನ್ನ ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆಯೇ ಕೊನೆಯ ಗೆರೆ ಎಳೆದು ಮನೆಗೆ ಹೋಗಬಹುದು.

ಅವತ್ತು ಅವನು ಮನೆಗೆ ಬಂದಾಗ ಅವನ ಕುರ್ಚಿಯಲ್ಲಿ ಎದುರುಮನೆಯ ಉಮ್ ಹಿಲ್ಮಿ ಕೂತಿದ್ದಳು. ಹಿಲ್ಮಿಯ ತಾಯಿಯಾದ್ದರಿಂದ ಓಣಿಯಲ್ಲಿ ಅವಳಿಗೆ ಆ ಹೆಸರು. ಆದರೆ ಅವಳ ಬಾಯಲ್ಲಿ ಹಿಲ್ಮಿಯ ಸುದ್ದಿ ಬರುತ್ತಿದ್ದದ್ದು ಕಡಿಮೆ, ಬ್ಯಾಂಕಿನಲ್ಲಿ ಮ್ಯಾನೇಜರಾದ ಅಳಿಯನ ಸುದ್ದಿಯೇ ಹೆಚ್ಚು. ಅವಳಿಗೆ ಇನ್ನೊಂದು ಖ್ಯಾತಿಯೂ ಇತ್ತು. ಅವಳು ಬೇರೆಯವರ ಮಗುವನ್ನಾಗಲಿ, ಪರದೆಯನ್ನಾಗಲಿ, ಬಾಣಲೆಯನ್ನಾಗಲಿ ಹೊಗಳಿದಾಗ ‘ಮಾಶಾಲ್ಲಾಹ್’ ಅನ್ನುತ್ತಿರಲಿಲ್ಲ. ದೇವರ ಹೆಸರು ಸೇರಿಸದ ಹೊಗಳಿಕೆ ಅಂದರೆ ಬರಿಯ ದೃಷ್ಟಿ. ಅವಳು ಹೊಗಳಿದ ಬಾಣಲೆ ವಾರದಲ್ಲಿ ತೂತು ಬೀಳುತ್ತಿತ್ತು.

ಅಳಿಯನಿಗೆ ಬ್ಯಾಂಕಿನವರು ತಿರುಗುವ ಕುರ್ಚಿ ಕೊಟ್ಟಿದ್ದಾರಂತೆ. ಒಂದು ಕಡೆ ತಿರುಗಿದರೆ ಕಿಟಕಿ, ಇನ್ನೊಂದು ಕಡೆ ತಿರುಗಿದರೆ ಫೋನು. ಉಮ್ ಹಿಲ್ಮಿ ಇದನ್ನೆಲ್ಲ ವಿವರಿಸಿ, ಬೂಟು ಬಿಚ್ಚುತ್ತಿದ್ದ ಫರ್ಗಲಿಯ ಕಡೆ ಕರುಣೆಯಿಂದ ನೋಡಿ, “ಪಾಪ, ನಿಮ್ಮದು ಇನ್ನೂ ಆ ಬಾಗಿಲ ಹತ್ತಿರದ ಸ್ಟೂಲೇ ಅಲ್ವಾ?” ಎಂದಳು.

ಮನುಷ್ಯನ ಬಾಯಿಗೆ ಬೀಗವಿಲ್ಲ. ಫರ್ಗಲಿಯ ಬಾಯಿಗಂತೂ ಬಾಗಿಲೇ ಇರಲಿಲ್ಲ. ಅವನು ಎಡಗಾಲಿನ ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ, “ಇನ್ನು ಹದಿನೈದು ದಿನ ಅಷ್ಟೇ ತಾಯಿ. ಆಮೇಲೆ ನಾನೇ ಸುರಕ್ಷತಾ ಮ್ಯಾನೇಜರ್” ಎಂದುಬಿಟ್ಟ.

ಹೆಂಡತಿ ಅತಿಯಾತ್ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಗಂಡನ ಮುಖ ನೋಡಿದಳು, ಬೂಟು ನೋಡಿದಳು. ಆಮೇಲೆ ನಾಲಿಗೆ ಕುಣಿಸಿ ಮದುವೆಮನೆಯ ಉಲಿ ಹಾಕಿದಳು. ಆ ಕೂಗು ಮೆಟ್ಟಿಲಿಳಿದು ಓಣಿ ಸೇರುವಷ್ಟರಲ್ಲಿ ಮೂರು ಮನೆಯಿಂದ ಮರುಕೂಗು ಬಂತು. ಸಂಜೆಯ ನಮಾಜಿನ ಹೊತ್ತಿಗೆ ಗುಲಾಬಿ ಷರಬತ್ತಿನ ಲೋಟಗಳು ಮೇಲೂ ಕೆಳಗೂ ಓಡಾಡತೊಡಗಿದವು. ಮಿಲಿಟರಿ ಪೆನ್ಷನ್ನಿನ ಮುದುಕನೊಬ್ಬ ಬಂದು ಫರ್ಗಲಿಯನ್ನು ದೊಡ್ಡ ಅಧಿಕಾರಿಗಳನ್ನು ಕರೆಯುವ ಹಾಗೆ ಬಾಷಾ ಎಂದು ಕರೆದು, ತನ್ನ ಗ್ಯಾಸ್ ಸಿಲಿಂಡರು ಸುಂಯ್ ಅನ್ನುತ್ತದೆ, ಮ್ಯಾನೇಜರಾದ ಮೇಲೆ ಒಮ್ಮೆ ನೋಡಿ ಎಂದು ಕೇಳಿಕೊಂಡ.

ಎಲ್ಲರೂ ಹೋದ ಮೇಲೆ ಅತಿಯಾತ್ ಅಳುತ್ತಾ ಕೂತಳು. “ಇಪ್ಪತ್ತಾರು ವರ್ಷ, ನಜ್ಲಾ ಅಪ್ಪ,” ಎಂದು ಮಗಳ ಹೆಸರು ಹಿಡಿದೇ ಗಂಡನನ್ನು ಕರೆದಳು. “ನನ್ನ ತವರಿನವರಿಗೆ ನಿಮ್ಮ ಕೆಲಸ ಏನು ಅಂತ ಹೇಳೋಕೆ ಒಂದು ಮಾತು ಸಿಕ್ಕಿರಲಿಲ್ಲ. ಈಗ ಸಿಕ್ತು.”

ಇಂಥ ಕಣ್ಣೀರಿನ ಮುಂದೆ, ಇಲ್ಲ ಕಣೇ, ನಾನು ಆ ಮ್ಯಾನೇಜರನ್ನು ಹುಡುಕಬೇಕಾದವನು ಅಷ್ಟೇ ಎಂದು ಹೇಳುವುದಕ್ಕೆ ಸಿಂಹದ ಎದೆ ಬೇಕು. ಫರ್ಗಲಿಗೆ ಗುಮಾಸ್ತನ ಎದೆ ಇತ್ತು. ಅವನು ಉಳಿದಿದ್ದ ಷರಬತ್ತು ಕುಡಿದು ಮಲಗಿದ.

ಮರುದಿನದಿಂದ ಅವನ ಪರಿಸ್ಥಿತಿ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನದಾಯಿತು. ಮ್ಯಾನೇಜರ್ ಸಿಗದಿದ್ದರೆ ಕೆಲಸ ಹೋಗುತ್ತದೆ, ಸಿಕ್ಕರೆ ಮಾನ ಹೋಗುತ್ತದೆ. ಯೋಚಿಸಿ ಯೋಚಿಸಿ ಅವನು ಒಂದು ದಾರಿ ಕಂಡುಕೊಂಡ. ಹುಡುಕುವುದು, ಆದರೆ ಸಿಗದ ಹಾಗೆ ಹುಡುಕುವುದು. ಕೊನೆಗೆ ಯಾರೂ ಇಲ್ಲವೆಂದಾದಾಗ ಹಾಜ್ಜಾ ತನ್ನನ್ನೇ ಮಾಡಬಹುದು. ಅವನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಮೂರು ಜನ ಬಂದರು.

ಮೊದಲನೆಯವನು ಕೈರೋದಿಂದ ಬಂದ ಇಂಜಿನಿಯರು, ತಲೆಗೆ ಹಳದಿ ಹೆಲ್ಮೆಟ್ಟು ಹಾಕಿಕೊಂಡೇ ರೈಲಿಳಿದಿದ್ದ. ಅವನು ಹುರಿಯುವ ಯಂತ್ರದ ಮೇಲಿನ ರಕ್ತದ ಅಂಗೈ ನೋಡಿ, ಇದು ಅನಾರೋಗ್ಯಕರ, ಮೊದಲು ಒರೆಸಬೇಕು ಎಂದ. ಫರ್ಗಲಿ ಈ ಮಾತನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಹಾಜ್ಜಾ ಮುಂದೆ ಇಟ್ಟ. ಇಂಜಿನಿಯರಿಗೆ ಚಹಾ ಬರುವ ಮುಂಚೆಯೇ ಬಾಗಿಲು ತೋರಿಸಲಾಯಿತು.

ಎರಡನೆಯವನು ಅಗ್ನಿಶಾಮಕ ದಳದ ನಿವೃತ್ತ ಜಮಾದಾರ. ಒಳ್ಳೆಯ ಮನುಷ್ಯ, ದೊಡ್ಡ ಮೀಸೆ. ಅವನನ್ನು ಬೇಡವೆನ್ನಲು ಫರ್ಗಲಿ ಕಾರಣವನ್ನೇ ಹುಡುಕಬೇಕಾಗಲಿಲ್ಲ. ಸಕ್ಕರೆ ಪಾಕ ಕುದಿಯುವ ಕಡಾಯಿಯ ಮುಂದೆ ನಿಂತು ಆತ, “ಇಷ್ಟು ದೊಡ್ಡ ಕಡಾಯಿ, ಇಷ್ಟು ವರ್ಷದಿಂದ ಒಬ್ಬನಾದ್ರೂ ಸುಟ್ಕೊಂಡಿಲ್ವಾ!” ಎಂದ. ಮಾಶಾಲ್ಲಾಹ್ ಅನ್ನಲಿಲ್ಲ. ಅವತ್ತು ಮಧ್ಯಾಹ್ನ ಬೀಸುವ ಯಂತ್ರದ ಬೆಲ್ಟು ಕಡಿದುಹೋಯಿತು. ಮೇಸ್ತ್ರಿ ಶಹ್ಹಾತ್ ಕಡಿದ ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡು ಹಾಜ್ಜಾ ಬಳಿಗೆ ಹೋಗಿ, ಆ ಕಣ್ಣು ಇನ್ನೊಂದು ಸಲ ಒಳಗೆ ಬಂದರೆ ನಾವು ಹೊರಗೆ ಎಂದು ಹೇಳಿದ. ಶಹ್ಹಾತನ ಮಾತಿಗೆ ತೂಕವಿತ್ತು. ಅವನಿಗಿಂತ ಮುಂಚೆ ಹುಟ್ಟಿದ ಮೂರು ಗಂಡುಮಕ್ಕಳು ತೀರಿಕೊಂಡಿದ್ದರಿಂದ ಅವನ ತಾಯಿ ಅವನಿಗೆ ಶಹ್ಹಾತ್, ಅಂದರೆ ‘ಭಿಕ್ಷುಕ’ ಎಂದೇ ಹೆಸರಿಟ್ಟು, ಆರು ವರ್ಷ ಹರಕು ಅಂಗಿ ಹಾಕಿಸಿ, ಮುಖಕ್ಕೆ ಮಸಿ ಹಚ್ಚಿ ಬೆಳೆಸಿದ್ದಳು. ಸಾವು ಅವನನ್ನು ನೋಡಿ, ಇದು ಯಾವುದೋ ದರಿದ್ರ ಎಂದು ಮುಂದೆ ಹೋಗಿತ್ತು. ಈಗ ಅವನಿಗೆ ಐವತ್ತೆಂಟು, ಗೂಳಿಯ ಹಾಗಿದ್ದ. ದೃಷ್ಟಿಯ ವಿಷಯದಲ್ಲಿ ಅವನಷ್ಟು ಅನುಭವ ಇದ್ದವರು ಊರಲ್ಲಿರಲಿಲ್ಲ.

ಮೂರನೆಯವಳು ರಿಹಾಮ್. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ತಲೆವಸ್ತ್ರದ ತುದಿಯನ್ನು ಕುತ್ತಿಗೆಗೆ ಸುತ್ತಿ ಸಿಕ್ಕಿಸಿ, ತೋಳು ಮಡಚಿ ಒಳಗೆ ಬಂದಳು. ಐದು ನಿಮಿಷ ಸುತ್ತಾಡಿದಳು. ರಕ್ತದ ಅಂಗೈ ನೋಡಿ ಅವಳು ಮುಖ ಗಂಟಿಕ್ಕಲಿಲ್ಲ. “ಇದು ಇರ್ಲಿ ಬಿಡಿ, ನಮ್ಮ ಟ್ರ್ಯಾಕ್ಟರಿಗೂ ಇದೆ. ಇದರ ಪಕ್ಕ ಒಂದು ಜಾಲರಿ ಹಾಕಿದ್ರೆ ಇವರ ಅಂಗೈಗಳೂ ಉಳೀತವೆ” ಎಂದಳು. ಶಹ್ಹಾತ್ ನಕ್ಕುಬಿಟ್ಟ. ತೊಟ್ಟಿಯ ಬಳಿ ಅವಳು ಬಹಳ ಹೊತ್ತು ನಿಂತು ಮೇಲೆ ನೋಡಿದಳು. ಆಮೇಲೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಫರ್ಗಲಿಯ ಕೈಗೆ ಕೊಟ್ಟಳು. ಹಿಂಬಾಗಿಲಿಗೆ ಅಡ್ಡವಾದ ಎಳ್ಳಿನ ಮೂಟೆ ತೆಗೆಯುವುದು. ಬೀಸುವ ಯಂತ್ರಕ್ಕೆ ಜಾಲರಿ. ಎಡಗಡೆ ನಲ್ಲಿಯ ಮೇಲಿನ ವೈರು, ಇವತ್ತೇ.

“ನನ್ನನ್ನ ತಗೊಂಡ್ರೂ ಸರಿ, ಬಿಟ್ರೂ ಸರಿ ಉಸ್ತಾಜ್,” ಎಂದಳು, “ಆ ಮೂರನೇದು ಮಾತ್ರ ಬಿಡಬೇಡಿ. ಗೊತ್ತಿಲ್ದೇ ಇರೋನು ಯಾವನಾದ್ರೂ ಮುಟ್ಟಿದ್ರೆ ಒಂದು ಮನೆ ಹೋಗುತ್ತೆ.”

ಫರ್ಗಲಿಗೆ ಬೆವರು ಬಂತು. ಇವಳಲ್ಲಿ ಒಂದು ಊನವೂ ಇರಲಿಲ್ಲ. ಹಾಜ್ಜಾ ಕಣ್ಣಿಗೆ ಬಿದ್ದರೆ ಮುಗಿಯಿತು, ಸಾಯಂಕಾಲದೊಳಗೆ ಅವಳಿಗೆ ಕುರ್ಚಿ. ಅವನು ಅವಳನ್ನು ಗೇಟಿನವರೆಗೆ ಬಹಳ ಗೌರವದಿಂದ ಕಳಿಸಿಕೊಡುತ್ತಾ, ಹುದ್ದೆ ನಿನ್ನೆಯೇ ಭರ್ತಿಯಾಯಿತು, ಕ್ಷಮಿಸಬೇಕು ತಾಯಿ ಎಂದ. ಹಾಜ್ಜಾ ಬಳಿ ಹೋಗಿ, ಆ ಹುಡುಗಿಗೆ ಅಲೆಕ್ಸಾಂಡ್ರಿಯದಲ್ಲಿ ಕೆಲಸ ಸಿಕ್ಕಿದೆಯಂತೆ, ಹೋದಳು ಎಂದ. ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದ. ವೈರಿನ ವಿಷಯ ತಾನು ಮ್ಯಾನೇಜರಾದ ಮೇಲೆ ತಾನೇ ನೋಡುವುದೆಂದು ಮನಸ್ಸಿಗೆ ಸಮಾಧಾನ ಹೇಳಿದ. ಮನಸ್ಸು ಪೂರ್ತಿ ಒಪ್ಪಲಿಲ್ಲ. ಆದರೆ ಇಪ್ಪತ್ತಾರು ವರ್ಷ ಸ್ಟೂಲಿನ ಮೇಲೆ ಕೂತ ಮನಸ್ಸು, ಹೆಚ್ಚು ಎದುರು ಮಾತಾಡಲೂ ಇಲ್ಲ.

ಉಳಿದದ್ದು ನಾಲ್ಕೇ ದಿನ. ಫರ್ಗಲಿ ಕೈ ಕಟ್ಟಿಕೊಂಡು ನಿಂತು, ಬೇರೆ ಗತಿ ಇಲ್ಲದಿದ್ದರೆ ತಾನಿದ್ದೇನೆ ಎಂದು ವಿನಯದಿಂದ ಹೇಳಿದ.

ಹಾಜ್ಜಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀನಾ? ಹೋದ ರಂಜಾನಿನಲ್ಲಿ ನಿಂತಲ್ಲೇ ಬಿದ್ದವನು ನೀನು.”

“ಉಪವಾಸ ಇತ್ತು, ಹಾಜ್ಜಾ.”

ಹಾಜ್ಜಾ ಒಪ್ಪಿದರು. ಒಂದೇ ಕರಾರು. ಭಾನುವಾರ ಹೆಲ್ಮೆಟ್ಟು ಹಾಕಿಕೊಂಡು ನಿಲ್ಲಬೇಕು, ಬಾಯಿ ಬಿಡಬಾರದು. ಇನ್‌ಸ್ಪೆಕ್ಟರು ಅತ್ತ ಹೋದ ಮೇಲೆ ಇತ್ತ ಸ್ಟೂಲಿಗೆ ವಾಪಸ್ಸು. ಫರ್ಗಲಿ ಮನೆಗೆ ಹೋಗಿ ಮೊದಲರ್ಧ ಮಾತ್ರ ಹೇಳಿದ.

ಅದೇ ಹೊತ್ತಿಗೆ ಉಮ್ ಹಿಲ್ಮಿ ಬಂದಳು. ಹೆಲ್ಮೆಟ್ಟು ಹಾಕಿಕೊಂಡು ಕನ್ನಡಿ ನೋಡುತ್ತಿದ್ದ ಫರ್ಗಲಿಯನ್ನು ಕಣ್ಣು ತುಂಬ ನೋಡಿ, ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ ಎಂದಳು. ಅಷ್ಟೇ ಅಂದಳು, ಮುಂದಿನ ಪದ ಸೇರಿಸಲಿಲ್ಲ. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಕನ್ನಡಿ ಮೊಳೆ ಸಮೇತ ಕೆಳಗೆ ಬಿತ್ತು.

ಅತಿಯಾತ್ ಒಂದು ಕ್ಷಣವೂ ತಡಮಾಡಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ವಿಭಾಗದಲ್ಲಿ ಆಳಾಗಿದ್ದ ತಮ್ಮನಿಗೆ ಹೇಳಿ ಕಳಿಸಿದಳು. “ಅವಳ ಕಣ್ಣು ಕನ್ನಡಿಯಿಂದ ನಿಮ್ಮ ಮೇಲೆ ಬರೋದಕ್ಕೆ ಎಷ್ಟು ಹೊತ್ತು? ಅದು ಬಂದು ನೋಡೋ ಹೊತ್ತಿಗೆ ನಿಮಗೆ ಆಗಲೇ ಏನೋ ಆಗಿರ್ಬೇಕು. ಅಯ್ಯೋ ಪಾಪ ಅಂತ ಹೋಗ್ಬಿಡ್ಬೇಕು.” ಫರ್ಗಲಿ ಸುರಕ್ಷತಾ ಮ್ಯಾನೇಜರಿಗೆ ಕೈ ಮುರಿದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಗೊಣಗಿದ. ಅವನ ಗೊಣಗಾಟ ಕೇಳುವವರು ಯಾರೂ ಇರಲಿಲ್ಲ. ರಾತ್ರಿ ಊಟದ ಮುಂಚೆ ಅವನ ಬಲಗೈಗೆ ಮೊಣಕೈವರೆಗೆ ಒಳ್ಳೆಯ ಗಟ್ಟಿ ಪ್ಲಾಸ್ಟರ್ ಬಿತ್ತು. ಭಾವಮೈದುನ ಕೆಲಸದಲ್ಲಿ ನಿಷ್ಠಾವಂತ, ಮೂಳೆ ಮುರಿಯದಿದ್ದರೂ ಕಡಿಮೆ ಹಿಟ್ಟು ಹಾಕಲಿಲ್ಲ.

ಮರುದಿನ ಬೆಳಗ್ಗೆ ಕಾರ್ಖಾನೆಯಲ್ಲಿ ಆ ಕೈ ಕಂಡವರೆಲ್ಲ ನಿಂತಲ್ಲೇ ನಿಂತರು. ಫರ್ಗಲಿ ಶಹ್ಹಾತನ ಕಿವಿಯಲ್ಲಿ ನಿಜ ಹೇಳಿದ: ಏನೂ ಆಗಿಲ್ಲ, ದೃಷ್ಟಿಗೆ. ಶಹ್ಹಾತ್ ಅದನ್ನು ಬಹಳ ಮೆಚ್ಚಿಕೊಂಡ. ತನ್ನ ತಾಯಿಯ ವಿದ್ಯೆ ಇನ್ನೂ ಬದುಕಿದೆಯಲ್ಲ ಎಂದು ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವನು ಪಾಕದ ಕಡಾಯಿಯ ಪಕ್ಕ ಮೂಟೆಯ ಮೇಲೆ ಹತ್ತಿ ನಿಂತು ಜನರಿಗೆ ಹೇಳಿದ್ದಿಷ್ಟು: ಭಾನುವಾರ ಬರುತ್ತಿರುವುದು ಸರ್ಕಾರದ ಕಣ್ಣು. ಜಮಾದಾರನ ಒಂದು ಕಣ್ಣಿಗೇ ಬೆಲ್ಟು ಕಡಿಯಿತು. ಅರವತ್ತಮೂರು ಜನ ಕೈಕಾಲು ಗಟ್ಟಿಯಾಗಿದ್ದು, ಮೂವತ್ತೊಂದು ವರ್ಷದಿಂದ ಗೀರೂ ಬಿದ್ದಿಲ್ಲ ಎಂದು ಆ ಮನುಷ್ಯ ಪುಸ್ತಕದಲ್ಲಿ ಬರೆದುಕೊಂಡು ಹೋದರೆ ನಮ್ಮ ಗತಿಯೇನು?

ಇನ್ನು ಫರ್ಗಲಿಯ ಬಲಗೈಗೆ ಪೆನ್ನು ಹಿಡಿಯಲಾಗದ್ದರಿಂದ ಹಾಜರಿಯನ್ನು ಅವರವರೇ ಬರೆದುಕೊಂಡರು. ಕಾರ್ಖಾನೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಎಲ್ಲರೂ ಸರಿಯಾದ ಸಮಯಕ್ಕೆ ಬಂದಿದ್ದರು.

ಭಾನುವಾರ ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ವಗ್ದಿ ಬಂದರು. ತೆಳ್ಳಗಿನ, ಹೊಟ್ಟೆಹುಣ್ಣಿನ ಮನುಷ್ಯ. ಕಂಕುಳಲ್ಲಿ ಫೈಲು, ಜೇಬಿನಲ್ಲಿ ಅರಗಿನ ಕಡ್ಡಿ. ಒಳಗೆ ಕಾಲಿಟ್ಟವರು ಹೊರಗೆ ಹೋಗಿ ಬೋರ್ಡು ಓದಿಕೊಂಡು ಮತ್ತೆ ಬಂದರು. ಅರವತ್ತೆರಡು ಜನ ಬ್ಯಾಂಡೇಜು ಸುತ್ತಿಕೊಂಡು ಸಾಲಾಗಿ ನಿಂತಿದ್ದರು. ತಲೆಗೆ ಸುತ್ತಿದವರು, ಮೊಣಕಾಲಿಗೆ ಸುತ್ತಿದವರು, ಹಳೆಯ ಲುಂಗಿ ಹರಿದು ಎರಡೂ ಕೈ ಕುತ್ತಿಗೆಗೆ ಕಟ್ಟಿಕೊಂಡವರು. ಶಹ್ಹಾತ್ ಒಂದು ಕಣ್ಣು ಮುಚ್ಚಿ ಕಟ್ಟಿಕೊಂಡು ಒಂದು ಕಾಲನ್ನೂ ಎಳೆಯುತ್ತಿದ್ದ. ಹಾಜ್ಜಾ ತೀರಿಹೋದ ಗಂಡನ ಊರುಗೋಲು ಹಿಡಿದು ನಿಂತಿದ್ದರು. ಅವರಿಗೆ ಇದರಲ್ಲಿ ನಂಬಿಕೆ ಅಷ್ಟಿರಲಿಲ್ಲ, ಆದರೆ ಹೊರಗುಳಿಯುವ ಧೈರ್ಯವೂ ಇರಲಿಲ್ಲ.

ವಗ್ದಿ ಶಹ್ಹಾತನ ಮುಂದೆ ನಿಂತರು. “ಏನಾಯ್ತಯ್ಯಾ ನಿನಗೆ?”

“ಏನೂ ಆಗಿಲ್ಲ, ಸಾಹೇಬ್ರೇ.”

“ಮತ್ತೆ ಈ ಕಟ್ಟು?”

“ಏನೂ ಆಗಿಲ್ವಲ್ಲ, ಅದಕ್ಕೇ.”

ಪಕ್ಕದವನನ್ನು ಕೇಳಿದರು. ಅವನೂ ಏನೂ ಆಗಿಲ್ಲ ಎಂದ. ಹದಿನಾಲ್ಕು ಜನರನ್ನು ಕೇಳಿದ ಮೇಲೆ ವಗ್ದಿ ಅಪಘಾತದ ರಿಜಿಸ್ಟರ್ ತರಿಸಿದರು. ಅದರಲ್ಲಿ ಮೂವತ್ತೊಂದು ಪುಟ, ಮೂವತ್ತೊಂದು ಸೊನ್ನೆ. ಅವರು ಸೊನ್ನೆಗಳನ್ನು ನೋಡಿದರು, ಬ್ಯಾಂಡೇಜುಗಳನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಸುಳ್ಳು ರಿಜಿಸ್ಟರ್ ಬೇಕಾದಷ್ಟು ನೋಡಿದ್ದೇನೆ, ಇಷ್ಟು ನಾಚಿಕೆಗೆಟ್ಟದ್ದನ್ನು ನೋಡಿಲ್ಲ ಎಂದರು. ಸುರಕ್ಷತಾ ಮ್ಯಾನೇಜರನ್ನು ಕರೆಯಿರಿ ಎಂದು ಗುಡುಗಿದರು.

ಹೆಲ್ಮೆಟ್ಟು ಹಾಕಿಕೊಂಡ ಫರ್ಗಲಿ, ಪ್ಲಾಸ್ಟರಿನ ಕೈಯನ್ನು ಬೆನ್ನ ಹಿಂದೆ ಬಚ್ಚಿಡಲು ನೋಡುತ್ತಾ ಮುಂದೆ ಬಂದ. ಮುರಿದದ್ದು ಹೇಗೆ ಎಂದು ವಗ್ದಿ ಕೇಳಿದರು. ಬಾಯಿ ಬಿಡಬಾರದೆಂದು ಹಾಜ್ಜಾ ಹೇಳಿದ್ದು ನೆನಪಿತ್ತು. ಆದರೂ ಸರ್ಕಾರ ಕೇಳುವಾಗ ಸುಮ್ಮನಿರುವುದು ಹೇಗೆ?

“ಮುರಿದಿಲ್ಲ, ಸಾಹೇಬ್ರೇ” ಎಂದ.

ವಗ್ದಿ ಅರಗಿನ ಕಡ್ಡಿಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಸಾಲಿನಲ್ಲಿ ಯಾರೋ ಒಬ್ಬ ಕುತ್ತಿಗೆಗೆ ಕಟ್ಟಿದ ಕೈ ಬಿಚ್ಚಿಕೊಂಡು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಆದರೆ ಹಾಜ್ಜಾ ಇನ್ಸಾಫ್ ಅವರ ಬಾಗಿಲಿಗೆ ಬಂದವರು, ಬೆಂಕಿ ಹಚ್ಚಲು ಬಂದವರಾದರೂ ಸರಿ, ಬಾಯಿ ಸಿಹಿ ಮಾಡಿಕೊಳ್ಳದೆ ಹೋದದ್ದಿಲ್ಲ. ಅವರು ಕಡಾಯಿಯಿಂದ ಬಿಸಿ ಬಿಸಿ ಹಲ್ವಾದ ಒಂದು ಮುದ್ದೆಯನ್ನು ತಟ್ಟೆಯಲ್ಲಿಟ್ಟು ಹಿಡಿದರು. ವಗ್ದಿ ಬೇಡವೆಂದರು. ಹಾಜ್ಜಾ ಗಂಡನ ಆಣೆ ಇಟ್ಟರು. ತೀರಿಹೋದವನ ಆಣೆ ಮೀರಲಾಗದೆ ವಗ್ದಿ ಒಂದು ತುಣುಕು ಮುರಿದರು, ಆಮೇಲೆ ಇನ್ನೊಂದು. ಹೊಟ್ಟೆಹುಣ್ಣು ಮರೆತು ಮೂರನೆಯದಕ್ಕೂ ಕೈ ಹಾಕಿದರು. ಬೆರಳೆಲ್ಲ ಎಣ್ಣೆ, ಅಂಟು. ಇಂಥ ಕೈಯಲ್ಲಿ ಸರ್ಕಾರದ ಮೊಹರು ಮುಟ್ಟುವುದು ಹೇಗೆ? ಅವರು ಸುತ್ತ ನೋಡಿ, ತೊಟ್ಟಿ ಕಂಡು, ಅತ್ತ ನಡೆದರು.

ಬಲಗಡೆ ನಲ್ಲಿಯ ಮುಂದೆ ಬ್ಯಾಂಡೇಜಿನ ಇಬ್ಬರು ನಿಂತಿದ್ದರು. ವಗ್ದಿ ಎಡಗಡೆಗೆ ಕೈ ಚಾಚಿದರು.

ಅರವತ್ತಮೂರು ಜನಕ್ಕೂ ಗೊತ್ತಿತ್ತು. ಯಾರ ಗಂಟಲಿನಿಂದಲೂ ದನಿ ಹೊರಡಲಿಲ್ಲ. ಫರ್ಗಲಿಯ ಜೇಬಿನಲ್ಲಿದ್ದ ಹಾಳೆ ಮಾತ್ರ ಅವನ ಎದೆಯನ್ನು ಸುಟ್ಟಿತು: ಒಂದು ಮನೆ ಹೋಗುತ್ತೆ. ಅವನು ಓಡಿದ. ಮೂವತ್ತು ಹೆಜ್ಜೆ ಓಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಪ್ಲಾಸ್ಟರಿನ ಕೈ ಮುಂದೆ ಮಾಡಿ, ಸರ್ಕಾರದ ಪಕ್ಕೆಲುಬಿಗೆ ಹೋಗಿ ಗುದ್ದಿದ. ವಗ್ದಿ ಎಳ್ಳಿನ ಹೊಟ್ಟಿನ ರಾಶಿಯ ಮೇಲೆ ಅಂಗಾತ ಬಿದ್ದರು. ಫರ್ಗಲಿ ತೊಟ್ಟಿಯ ಕಲ್ಲಂಚಿನ ಮೇಲೆ ಬಿದ್ದ. ಟಪ್ ಎಂದು ಒಂದು ಸದ್ದಾಯಿತು, ಅದರ ಹಿಂದೆಯೇ ಒಳಗಿನಿಂದ ಇನ್ನೊಂದು.

ಸರ್ಕಾರಿ ನೌಕರನ ಮೇಲೆ ಹಲ್ಲೆ, ಪೊಲೀಸ್, ಜೈಲು ಎಂದು ವಗ್ದಿ ಹೊಟ್ಟಿನೊಳಗಿಂದ ಕೂಗುತ್ತಿದ್ದರು. ಶಹ್ಹಾತ್ ಕಣ್ಣಿನ ಕಟ್ಟು ಬಿಚ್ಚಿ, ಒಣ ಮರದ ಹಿಡಿಯ ಕಬ್ಬಿಣದ ಸೌಟು ತಂದು, ನಲ್ಲಿಗೂ ನೆಲದ ಕಬ್ಬಿಣದ ಜಾಲರಿಗೂ ತಾಗಿಸಿದ. ಚಟಚಟ ಎಂದು ನೀಲಿ ಕಿಡಿ ಹಾರಿತು. ಇಡೀ ಕಾರ್ಖಾನೆಯ ದೀಪ ಆರಿತು, ಯಂತ್ರಗಳು ನಿಂತವು. ಆ ನಿಶ್ಶಬ್ದದಲ್ಲಿ ವಗ್ದಿ ತಮ್ಮ ಎಣ್ಣೆ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು.

“ಇದು ನಿಮಗೆ ಗೊತ್ತಿತ್ತಾ?” ಎಂದರು. ದನಿ ಸಣ್ಣದಾಗಿತ್ತು.

“ಎಲ್ರಿಗೂ ಗೊತ್ತು ಸಾಹೇಬ್ರೇ. ಅದಕ್ಕೇ ಇಷ್ಟು ವರ್ಷ ಏನೂ ಆಗಿಲ್ಲ” ಎಂದ ಶಹ್ಹಾತ್.

ಫರ್ಗಲಿ ಎದ್ದು ಕೂತಿದ್ದ. ಮುಖ ಸುಣ್ಣದ ಹಾಗಾಗಿತ್ತು. ಎಡಗೈಯಿಂದ ಜೇಬಿನ ಹಾಳೆ ತೆಗೆದು ಹಾಜ್ಜಾಗೆ ಕೊಟ್ಟ. “ಆ ಹುಡುಗಿ ಬರೆದದ್ದು ಹಾಜ್ಜಾ. ಅವಳು ಎಲ್ಲಿಗೂ ಹೋಗಿಲ್ಲ. ನಾನೇ ಕಳಿಸಿದೆ. ನಂಗೆ ಮ್ಯಾನೇಜರ್ ಆಗ್ಬೇಕಿತ್ತು.” ಅವನು ಅಳುತ್ತಿದ್ದದ್ದು ನೋವಿಗೋ ನಾಚಿಕೆಗೋ ಯಾರಿಗೂ ತಿಳಿಯಲಿಲ್ಲ. ಎರಡೂ ನಿಜವಾಗಿದ್ದವು.

ಹಾಜ್ಜಾ ಮೂರು ಸಾಲು ಓದಿದರು. ಮೂರನೆಯದನ್ನು ಎರಡು ಸಲ ಓದಿದರು. ಊರುಗೋಲು ಎತ್ತಿದರು, ಎಲ್ಲರೂ ಈಗ ಹೊಡೆದರು ಎಂದುಕೊಂಡರು. ಅವರು ಅದನ್ನು ಗೋಡೆಗೆ ಒರಗಿಸಿ, “ಅವಳ ಫೋನ್ ನಂಬರ್ ಕೊಡು, ಕತ್ತೆ” ಎಂದರು.

ರಿಹಾಮ್ ಮಧ್ಯಾಹ್ನವೇ ಬಂದಳು. ವೈರು ಸಾಯಂಕಾಲದೊಳಗೆ ಬದಲಾಯಿತು. ವಗ್ದಿ ಅರಗಿನ ಕಡ್ಡಿಯನ್ನು ಜೇಬಿಗೆ ವಾಪಸ್ಸು ಹಾಕಿ, ಉಳಿದದ್ದಕ್ಕೆ ಮೂರು ದಿನದ ಗಡುವು ಕೊಟ್ಟರು. ಹೋಗುವಾಗ ಬಾಗಿಲ ಬಳಿ ನಿಂತು, ಯಾರೂ ನೋಡುತ್ತಿಲ್ಲವೆಂದುಕೊಂಡು ನೀಲಿ ಮಣಿಯನ್ನು ಒಮ್ಮೆ ಮುಟ್ಟಿ ಹೋದರು ಎಂದು ಅರವತ್ತೆರಡು ಜನರೂ ಹೇಳುತ್ತಾರೆ.

ಫರ್ಗಲಿಗೆ ಕಷ್ಟವಾದದ್ದು ಆಸ್ಪತ್ರೆಯಲ್ಲಿ. ಕೈ ಮುರಿದಿದೆ ಎಂದರೆ ಯಾರೂ ನಂಬಲಿಲ್ಲ. ಭಾವಮೈದುನ ಕಣ್ಣು ಹೊಡೆದ. ಅತಿಯಾತ್ ಕಿವಿಯಲ್ಲಿ, ಇಷ್ಟು ನರಳಿದರೆ ಸಾಕು, ಜಾಸ್ತಿ ಆದರೆ ಅನುಮಾನ ಬರುತ್ತೆ ಎಂದಳು. ಕ್ಷ-ಕಿರಣದ ಚಿತ್ರ ಬಂದ ಮೇಲೆಯೇ ಅವನಿಗೆ ನರಳುವ ಹಕ್ಕು ಸಿಕ್ಕಿದ್ದು.

ಮರುದಿನ ಉಮ್ ಹಿಲ್ಮಿ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದಳು. ಅವಳು ಕೂರುವುದಕ್ಕೂ ರಿಹಾಮ್ ರಿಜಿಸ್ಟರ್ ಹಿಡಿದು ಬರುವುದಕ್ಕೂ ಸರಿಹೋಯಿತು. ಮೂವತ್ತೊಂದು ಸೊನ್ನೆಗಳ ನಂತರ ಮೊದಲ ಬರಹ. ಗಾಯಾಳು ಕೇಳಿ ಒಪ್ಪಿ ಸಹಿ ಮಾಡಬೇಕು. ಆಮೇಲೆ ಓದಿಕೊಳ್ಳುತ್ತೇನೆ, ಇಟ್ಟು ಹೋಗು ತಾಯಿ ಎಂದು ಫರ್ಗಲಿ ಅಂಗಲಾಚಿದ. ನಿಯಮ ಅಂದರೆ ನಿಯಮ, ಓದಿ ಹೇಳಲೇಬೇಕು ಎಂದು ಅವಳು ಶುರು ಮಾಡಿದಳು.

“ಹೆಸರು, ಫರ್ಗಲಿ ಅಬ್ದುತ್ತವ್ವಾಬ್. ಕೆಲಸ, ಹಾಜರಿ ಗುಮಾಸ್ತ.”

ಉಮ್ ಹಿಲ್ಮಿ ಸುಲಿಯುತ್ತಿದ್ದ ಕಿತ್ತಳೆ ಕೈಯಲ್ಲೇ ನಿಂತಿತು. ಅತಿಯಾತ್ ಗಂಡನ ಕಡೆ ತಿರುಗಿದಳು. ಫರ್ಗಲಿ ಚಾವಣಿ ನೋಡಿದ.

“ಅಪಘಾತದ ಕಾರಣ ಅನ್ನೋ ಕಡೆ ಏನು ಬರೀಲಿ, ಉಸ್ತಾಜ್? ನೀವೇ ಹೇಳಿ.”

“ದೃಷ್ಟಿ ಅಂತ ಬರಿ ತಾಯಿ” ಎಂದ ಫರ್ಗಲಿ, ಕೊನೆಯ ಆಸೆಯಿಂದ.

ರಿಹಾಮ್ ಸ್ವಲ್ಪ ಯೋಚಿಸಿದಳು. ಆಮೇಲೆ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದಳು: “ಕಾರಣ, ಸುರಕ್ಷತಾ ಮ್ಯಾನೇಜರ್ ಹುದ್ದೆ ಖಾಲಿ ಇದ್ದದ್ದು.”

ಪೆನ್ನನ್ನು ಅವನ ಕಡೆ ಚಾಚಿದಳು. ಫರ್ಗಲಿ ಎಡಗೈಯಲ್ಲಿ, ಕೋಳಿ ಕೆದಕಿದ ಹಾಗೆ ಸಹಿ ಮಾಡಿದ. ಅತಿಯಾತ್ ಅವನ ದಿಂಬು ಸರಿಮಾಡಿ, “ಓಡಿ ಹೋಗಿ ಆ ಮನುಷ್ಯನ್ನ ಉಳಿಸಿದ್ದು ನೀವೇ ತಾನೇ? ಅದಾದ್ರೂ ನಿಜವಾ?” ಎಂದು ಕೇಳಿದಳು. ಅದು ನಿಜ ಎಂದು ರಿಹಾಮ್ ಹೇಳಿದಳು. “ಹಾಗಾದ್ರೆ ತವರಿಗೆ ಅದನ್ನೇ ಹೇಳ್ತೀನಿ” ಎಂದಳು ಅತಿಯಾತ್.

ಉಮ್ ಹಿಲ್ಮಿ ಎದ್ದು ನಿಂತಳು. ಮುರಿದ ಕೈ, ಹೋದ ಹುದ್ದೆ, ವಾಪಸ್ಸು ಬಂದ ಸ್ಟೂಲು, ಎಲ್ಲವನ್ನೂ ಕಣ್ಣು ತುಂಬ ನೋಡಿದಳು. ಅವಳ ಮುಖದಲ್ಲಿ ಈ ಹದಿನಾರು ದಿನದಲ್ಲಿ ಕಾಣದಿದ್ದ ನೆಮ್ಮದಿ ಬಂತು. ಕಿತ್ತಳೆಯ ಒಂದು ತೊಳೆ ಬಿಡಿಸಿ ಫರ್ಗಲಿಯ ಬಾಯಿಗಿಟ್ಟು, ಆ ಮನೆಯ ವಿಷಯದಲ್ಲಿ ಜೀವನದಲ್ಲೇ ಮೊದಲ ಬಾರಿಗೆ, “ಮಾಶಾಲ್ಲಾಹ್” ಎಂದಳು.